ಗುಲಾಬಿ ಟಾಕೀಸ್: ಕಥೆಯ ದಾರಿ ಒಂದು, ಸಿನಿಮಾದ ದಾರಿ ಇನ್ನೊಂದು. ನಿಮಗೂ ಹೀಗೆ ಅನ್ನಿಸಿದೆಯಾ?

ಸಾಗರದ_ಮಳೆ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕೊನೇ ವರ್ಷದಲ್ಲಿದ್ದೇನೆ. ಊರು ಸಾಗರದ ಹತ್ತಿರ, ಓದುತ್ತಿರುವುದು ಶಿವಮೊಗ್ಗದಲ್ಲಿ. ಸಿನಿಮಾ ಹುಚ್ಚು ಚಿಕ್ಕಂದಿನಿಂದಲೂ ಇದೆ. ಪುಸ್ತಕದ ಹುಚ್ಚು ಹಿಡಿದದ್ದು ಆ ಸಿನಿಮಾಗಳಿಂದಲೇ. ಟೈಟಲ್ ಕಾರ್ಡಿನಲ್ಲಿ ಕಥೆ ಯಾರದು ಅಂತ ಬಂದ ಕೂಡಲೇ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಲೈಬ್ರರಿಗೆ ಹೋಗಿ ಹುಡುಕುತ್ತೇನೆ.

ಈಗ ಕೇಳಬೇಕು ಅಂದುಕೊಂಡಿದ್ದು ಗುಲಾಬಿ ಟಾಕೀಸ್ ಬಗ್ಗೆ. ಗಿರೀಶ್ ಕಾಸರವಳ್ಳಿಯವರ 2008ರ ಸಿನಿಮಾ, ವೈದೇಹಿಯವರ ಕಥೆ. ಮುಂದೆ ಎರಡನ್ನೂ ಬಿಡಿಸಿ ಹೇಳುತ್ತೇನೆ, ಕಥೆ ಗೊತ್ತಾಗುವುದು ಬೇಡ ಅನ್ನುವವರು ನೋಡಿ ಬಂದು ಓದಿ.

ನಾನು ಮೊದಲು ನೋಡಿದ್ದು ಸಿನಿಮಾ. ಗುಲಾಬಿ ಅಂತ ಒಬ್ಬ ಸೂಲಗಿತ್ತಿ, ಮುಸ್ಲಿಂ ಹೆಂಗಸು. ಗಂಡ ಮೂಸಾ ಇವಳನ್ನು ಬಿಟ್ಟು ಎರಡನೇ ಹೆಂಡತಿ ಜೊತೆ ಇದ್ದಾನೆ. ಗುಲಾಬಿಗೆ ಸಿನಿಮಾ ಅಂದರೆ ಜೀವ. ಹೆರಿಗೆಗೆ ಕರೆಯಲು ಬಂದವರು ಅವಳನ್ನು ಟಾಕೀಸಿನಿಂದ ಎಬ್ಬಿಸಿಕೊಂಡು ಹೋಗಬೇಕು. ಹಾಗೆ ಎಬ್ಬಿಸಿಕೊಂಡು ಹೋದ ಮನೆಯವರು, ಹೆರಿಗೆ ಸುಸೂತ್ರ ಆಗಿದ್ದಕ್ಕೆ, ಅವಳಿಗೆ ಕಲರ್ ಟಿವಿಯನ್ನೂ ಡಿಶ್ಶನ್ನೂ ಕೊಡುತ್ತಾರೆ. ಆ ಟಿವಿ ನೋಡಲು ಊರ ಹೆಂಗಸರು ಗುಲಾಬಿ ಮನೆಗೆ ಬರಲು ಶುರು ಮಾಡುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ. ಕೆಲವರು ಮುಸ್ಲಿಮರ ಮನೆ ಅಂತ ಹೊರಗೇ ನಿಂತು ನೋಡುತ್ತಾರೆ. ನೋಡದೆ ಇರಲು ಆಗುವುದಿಲ್ಲ, ಒಳಗೆ ಬರಲೂ ಆಗುವುದಿಲ್ಲ! ನನಗೆ ಇಡೀ ಸಿನಿಮಾ ಆ ಹೊಸ್ತಿಲಲ್ಲೇ ಇದೆ ಅನ್ನಿಸಿತು.

ಅಲ್ಲಿಗೆ ಬರುವವರಲ್ಲಿ ನೇತ್ರು ಅಂತ ಒಬ್ಬಳು (ಎಂ.ಡಿ. ಪಲ್ಲವಿ ಮಾಡಿದ್ದಾರೆ). ಗಂಡ ದೂರದಲ್ಲಿ, ಮನೆಯಲ್ಲಿ ಅತ್ತೆ. ಗುಲಾಬಿಗೂ ಅವಳಿಗೂ ಸ್ನೇಹ ಆಗುತ್ತದೆ. ಅಷ್ಟರಲ್ಲಿ ಕಾರ್ಗಿಲ್ ಯುದ್ಧದ ಸುದ್ದಿ ಬರುತ್ತದೆ. ಇನ್ನೊಂದು ಕಡೆ ಮೀನು ಹಿಡಿಯುವವರ ಜಗಳ. ಊರಿನವರ ಕಣ್ಣು ಬದಲಾಗುತ್ತಾ ಹೋಗುತ್ತದೆ. ಒಂದು ದಿನ ನೇತ್ರು ಕಾಣೆಯಾಗುತ್ತಾಳೆ, ತಪ್ಪು ಗುಲಾಬಿಯ ತಲೆ ಮೇಲೆ ಬರುತ್ತದೆ. ಕೊನೆಗೆ ಅವಳನ್ನು ಬಲವಂತವಾಗಿ ದೋಣಿ ಹತ್ತಿಸಿ ಕಳಿಸುತ್ತಾರೆ.

ಉಮಾಶ್ರೀ ಅವರಿಗೆ ಗುಲಾಬಿ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಾನು ಅವರನ್ನು ಅಲ್ಲಿಯವರೆಗೆ ಟಿವಿಯಲ್ಲಿ ಬರುವ ಹಳೇ ಕಾಮಿಡಿ ಸೀನುಗಳಲ್ಲಿ ಮಾತ್ರ ನೋಡಿದ್ದೆ. ಇಲ್ಲಿ ತೆರೆ ನೋಡುತ್ತಾ ಕೂತಾಗ ಅವರ ಮುಖದ ಬಿಗಿಯೆಲ್ಲ ಸಡಿಲ ಆಗುತ್ತದೆ. ನಾನು ಸಿನಿಮಾ ನೋಡುವಾಗ ನನ್ನ ಮುಖವೂ ಹೀಗೇ ಇರುತ್ತದಾ ಅಂತ ಯೋಚಿಸಿದೆ. ಸಿನಿಮಾ ಪ್ರೀತಿಸುವವರ ಬಗ್ಗೆಯೇ ಇರುವ ಸಿನಿಮಾ ಇಷ್ಟು ನೋವು ಕೊಡುತ್ತದೆ ಅಂತ ಅಂದುಕೊಂಡಿರಲಿಲ್ಲ.

ಇದೇ ಗುಂಗಿನಲ್ಲಿ ಕಥೆ ಓದಿದೆ. ಅಲ್ಲಿ ಗುಲಾಬಿ ಇಲ್ಲ! ಗುಲಾಬಿ ಅನ್ನುವುದು ಟಾಕೀಸಿನ ಹೆಸರು. ಸೂಲಗಿತ್ತಿಯ ಹೆಸರು ಲಿಲ್ಲಿಬಾಯಿ. ಊರಿಗೆ ಹೊಸದಾಗಿ ಟಾಕೀಸು ಬರುತ್ತದೆ, ಹೆಂಗಸರ ಬಾಗಿಲು ಕಾಯುವ ಕೆಲಸ ಲಿಲ್ಲಿಬಾಯಿಗೆ ಸಿಗುತ್ತದೆ. ಅಡುಗೆಮನೆಯಲ್ಲಿ ಇದ್ದವರೆಲ್ಲ ಸೀರೆ ಬದಲಿಸಿ ಹೊರಡಲು ಶುರು ಮಾಡುತ್ತಾರೆ. ಟಿವಿ ಇಲ್ಲ, ಯುದ್ಧ ಇಲ್ಲ, ಮೂಸಾ ಇಲ್ಲ.

ಓದಿ ಮುಗಿಸಿದ ಮೇಲೆ ನನಗೆ ತುಂಬಾ ಹೊತ್ತು ಸಮಾಧಾನ ಆಗಲಿಲ್ಲ. ಇವೆರಡೂ ಒಂದೇ ಕಥೆ ಹೇಗೆ? ಆಮೇಲೆ ಒಂದು ವಿಷಯ ಹೊಳೆಯಿತು. ಕಥೆಯಲ್ಲಿ ಹೆಂಗಸರು ಮನೆಯಿಂದ ಹೊರಗೆ ಬಂದು ಸಿನಿಮಾ ನೋಡುತ್ತಾರೆ. ಸಿನಿಮಾದಲ್ಲಿ ಆ ತೆರೆಯೇ ಮನೆಯೊಳಕ್ಕೆ ಬಂದು ಕೂರುತ್ತದೆ. ಟಾಕೀಸಿನಲ್ಲಿ ಟಿಕೆಟ್ ಇದ್ದವರೆಲ್ಲ ಕತ್ತಲಲ್ಲಿ ಒಟ್ಟಿಗೆ ಕೂರಬಹುದು, ಪಕ್ಕದಲ್ಲಿ ಯಾರಿದ್ದಾರೆ ಅಂತ ಯಾರೂ ನೋಡುವುದಿಲ್ಲ. ಅದೇ ತೆರೆ ಒಬ್ಬರ ಮನೆಗೆ ಬಂದಾಗ, ಅದು ಯಾರ ಮನೆ ಅನ್ನುವ ಪ್ರಶ್ನೆ ಬರುತ್ತದೆ. ಕಾಸರವಳ್ಳಿಯವರು ಕಥೆಯನ್ನು ಹಾಗೇ ತೆಗೆಯದೆ, ಅದಕ್ಕೆ ಎದುರು ಮಾತಾಡಿದ್ದಾರೆ ಅನ್ನಿಸಿತು. ವೈದೇಹಿಯವರು "ಬಾಗಿಲು ತೆರೆಯಿತು" ಅಂದರೆ ಇವರು "ಆಮೇಲೆ ಆ ಬಾಗಿಲು ಏನಾಯಿತು ನೋಡಿ" ಅನ್ನುತ್ತಿದ್ದಾರೆ ಅಂತ.

ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವರು ಹುಡುಗಿಯಾಗಿದ್ದಾಗ ಅವರ ಕೇರಿಯಲ್ಲಿ ಒಂದೇ ಮನೆಯಲ್ಲಿ ಟಿವಿ ಇತ್ತಂತೆ. ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದರಂತೆ. ಕೆಲವು ಮಕ್ಕಳನ್ನು ಆ ಮನೆಯವರು ಒಳಗೆ ಕರೆಯುತ್ತಿದ್ದರು, ಕೆಲವರನ್ನು ಕರೆಯುತ್ತಿರಲಿಲ್ಲ. "ನಿಮ್ಮನ್ನು ಕರೀತಿದ್ರಾ?" ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಬಿಟ್ಟು, "ನಮ್ಮನ್ನ ಕರೀತಿದ್ರು" ಅಂದರು. ಕರೆಯದೆ ಇದ್ದ ಹುಡುಗಿಯ ಹೆಸರು ಅವರಿಗೆ ಇನ್ನೂ ನೆನಪಿದೆ.

ನನ್ನ ಪ್ರಶ್ನೆ ಇಷ್ಟು. ಪುಸ್ತಕಕ್ಕೆ ನಿಷ್ಠೆಯಿಂದ ಇರುವ ಸಿನಿಮಾಗಳು ಬೇಕಾದಷ್ಟಿವೆ. ನನಗೆ ಬೇಕಾಗಿರುವುದು ಪುಸ್ತಕದ ಜೊತೆ ವಾದ ಮಾಡುವ ಸಿನಿಮಾಗಳು, ಕನ್ನಡದ್ದೇ. ಎರಡನ್ನೂ ಓದಿ, ನೋಡಿ, ಎರಡೂ ತಲೆಯಲ್ಲಿ ಉಳಿದಿರುವಂಥವು. ಮತ್ತೆ ನೀವು ಯಾವುದನ್ನು ಮೊದಲು ಮಾಡುತ್ತೀರಿ, ಓದುವುದಾ, ನೋಡುವುದಾ? ದಯವಿಟ್ಟು ಹೆಸರಿನ ಪಟ್ಟಿ ಕೊಟ್ಟು ಹೋಗಬೇಡಿ. ನಿಮಗೆ ಏನಾಯಿತು ಅಂತ ಹೇಳಿ.

ಪಂಚಗಂಗಾವಳಿ

ಹ್ವಾಯ್ ತಂಗಿ, ನಮ್ಮೂರ ಕಥೆ ತೆಗೆದು ಕೂತಿದ್ದೀಯಲ್ಲ, ಸುಮ್ನೆ ಹೋಗುವುದು ಹೇಗೆ? ನಾನು ಕುಂದಾಪುರದವಳು.

ಸಿನಿಮಾದಲ್ಲಿ ಗುಲಾಬಿಯನ್ನು ದೋಣಿ ಹತ್ತಿಸುತ್ತಾರೆ ಅಂದೆಯಲ್ಲ, ಆ ಜಾಗವನ್ನು ನಮ್ಮ ಕಡೆ ಕುದ್ರು ಅನ್ನುತ್ತೇವೆ. ಹೊಳೆ ನಡುವಿನ ಸಣ್ಣ ದ್ವೀಪ. ಗಂಗೊಳ್ಳಿಯಲ್ಲಿ ಐದು ಹೊಳೆ ಸೇರಿ ಸಮುದ್ರಕ್ಕೆ ಬೀಳುತ್ತವೆ, ಅದಕ್ಕೇ ಪಂಚಗಂಗಾವಳಿ. ಅಲ್ಲೆಲ್ಲ ಹೀಗೆ ಕುದ್ರುಗಳಿವೆ. ಕುದ್ರುವಿನಲ್ಲಿ ಇರುವವರಿಗೆ ಪೇಟೆಗೆ ಹೋಗಬೇಕಾದರೆ ದೋಣಿ, ಆಸ್ಪತ್ರೆಗೆ ದೋಣಿ, ಟಾಕೀಸಿಗೂ ದೋಣಿ. ಇದು ಗೊತ್ತಿದ್ದರೆ ಗುಲಾಬಿಯ ಸಿನಿಮಾ ಹುಚ್ಚು ಎಷ್ಟು ದೊಡ್ಡದು ಅಂತ ಅರ್ಥ ಆಗುತ್ತದೆ. ದೋಣಿ ತಪ್ಪಿದರೆ ಸಿನಿಮಾ ತಪ್ಪಿತು. ಅಂಥವಳ ಮನೆಗೇ ಸಿನಿಮಾ ಬಂತು ಅಂದರೆ ಅವಳಿಗೆ ಏನಾಗಿರಬೇಡ, ಯೋಚನೆ ಮಾಡು.

ಮೀನಿನ ಜಗಳವನ್ನು ನೀನು ಒಂದೇ ಮಾತಿನಲ್ಲಿ ದಾಟಿಬಿಟ್ಟೆ. ನಮಗೆ ಅದೇ ಮುಖ್ಯ. ನಾಡದೋಣಿಯಲ್ಲಿ ಬಲೆ ಬಿಡುವವನಿಗೂ ದೊಡ್ಡ ಟ್ರಾಲ್ ಬೋಟು ಇಟ್ಟವನಿಗೂ ಇರುವ ಜಗಳ ಹೊಟ್ಟೆಪಾಡಿನ ಜಗಳ. ಬೋಟು ಇಟ್ಟವನು ಯಾವ ಜಾತಿ, ಯಾವ ಧರ್ಮ ಅನ್ನುವುದು ಆಮೇಲೆ ಬಂದು ಅಂಟಿಕೊಳ್ಳುತ್ತದೆ. ಸಿನಿಮಾ ಅದನ್ನು ನಿಧಾನವಾಗಿ ತೋರಿಸುತ್ತದೆ. ಸಣ್ಣವರ ಬಲೆಗೆ ಮೀನು ಬೀಳುವುದಿಲ್ಲ. ಸಿಟ್ಟು ಯಾರ ಮೇಲೆ ತೋರಿಸುವುದು? ಬೋಟಿನ ಯಜಮಾನ ಕೈಗೆ ಸಿಗುವುದಿಲ್ಲ. ಕೈಗೆ ಸಿಗುವವಳು ಗುಲಾಬಿ, ಒಬ್ಬಳೇ ಇರುವವಳು. ಇದನ್ನು ನಾನು ಕಣ್ಣಾರೆ ಕಂಡ ಊರಿನಲ್ಲಿ ಬೆಳೆದಿದ್ದೇನೆ, ಅದಕ್ಕೇ ಆ ಸಿನಿಮಾವನ್ನು ಮತ್ತೊಮ್ಮೆ ಹಾಕಿ ಕಾಣಲು ನನಗೆ ಧೈರ್ಯ ಬರುವುದಿಲ್ಲ.

ಇನ್ನು ಕಥೆ. ನನ್ನ ಅಜ್ಜಿ ಮ್ಯಾಟ್ನಿ ನೋಡಲು ಹೋಗುತ್ತಿದ್ದ ಕಾಲದಲ್ಲಿ ಹೆಂಗಸರಿಗೆ ಬೇರೆ ಬಾಗಿಲು, ಬೇರೆ ಟಿಕೆಟ್ ಕಿಂಡಿ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಹೊರಡುವುದು, ದೀಪ ಹಚ್ಚುವ ಹೊತ್ತಿಗೆ ವಾಪಸು ಮನೆಯಲ್ಲಿ ಇರಬೇಕು. ಹೆಂಗಸರ ಬಾಗಿಲಲ್ಲಿ ಇದ್ದವಳಿಗೆ ಇಡೀ ಊರಿನ ಕಥೆ ಗೊತ್ತಿರುತ್ತಿತ್ತಂತೆ. ಯಾರು ಅತ್ತೆಗೆ ಹೇಳಿ ಬಂದಿದ್ದಾರೆ, ಯಾರು ದೇವಸ್ಥಾನಕ್ಕೆ ಅಂತ ಹೇಳಿ ಬಂದಿದ್ದಾರೆ, ಎಲ್ಲ. ಮಗು ಅತ್ತರೆ ಅವಳೇ ಎತ್ತಿಕೊಂಡು ಹೊರಗೆ ಹೋಗಿ ಸಮಾಧಾನ ಮಾಡುವಳು, ತಾಯಿ ಒಂದು ಹಾಡಾದರೂ ಪೂರ್ತಿ ನೋಡಲಿ ಅಂತ. ಇಂಟರ್ವಲ್‌ನಲ್ಲಿ ಹೆಂಗಸರಿಗೆ ಸೋಡಾ, ನೆಲಗಡಲೆ ತಂದುಕೊಡುವವಳೂ ಅವಳೇ. ವೈದೇಹಿಯವರು ಕುಂದಾಪುರದಲ್ಲೇ ಹುಟ್ಟಿ ಬೆಳೆದವರು. ಸೂಲಗಿತ್ತಿಯನ್ನೇ ಆ ಬಾಗಿಲಲ್ಲಿ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಮನೆ ಮನೆಯ ಒಳಕೋಣೆ ಕಂಡವಳು ಅವಳೊಬ್ಬಳೇ ಅಲ್ವಾ?

ನನ್ನ ಲೆಕ್ಕದಲ್ಲಿ ಸಿನಿಮಾ ಕಥೆಗೆ ಎದುರು ಮಾತಾಡಿಲ್ಲ. ಅದೇ ಊರು, ಅದೇ ಹೆಂಗಸರ ಮಕ್ಕಳು, ಒಂದು ತಲೆಮಾರು ಮುಂದೆ. ಟಾಕೀಸಿಗೆ ಹೋಗುವ ಬಾಗಿಲು ತೆರೆದವರ ಮಕ್ಕಳು ಟಿವಿ ಮುಂದೆ ಕೂತಿದ್ದಾರೆ. ಹಾಗೆ ಎರಡನ್ನೂ ಒಟ್ಟಿಗೆ ಇಟ್ಟು ನೋಡು.

ಯಾವುದು ಮೊದಲು ಅಂದರೆ, ನನಗೆ ಓದುವುದು. ಅದರಲ್ಲೂ ವೈದೇಹಿಯವರನ್ನು ಜೋರಾಗಿ ಓದಬೇಕು, ನಮ್ಮ ಭಾಷೆ ಕಿವಿಯಲ್ಲೇ ರುಚಿ. ಚಂಪಾ ಶೆಟ್ಟಿಯವರು 2018ರಲ್ಲಿ ಅಮ್ಮಚ್ಚಿಯೆಂಬ ನೆನಪು ಅಂತ ಮಾಡಿದರು, ವೈದೇಹಿಯವರ ಕಥೆಗಳನ್ನು ಕೂಡಿಸಿ. ಅದರಲ್ಲಿ ಅಕ್ಕು ಅನ್ನುವ ಪಾತ್ರ ಬಂದಾಗ ನನ್ನ ತಾಯಿ ಟಾಕೀಸಿನಲ್ಲೇ "ನಮ್ಮ ಪಕ್ಕದ ಮನೆಯವಳು" ಅಂತ ನನ್ನ ಕೈ ಹಿಡಿದರು. ಅದು ಕಥೆಯ ಜೊತೆ ವಾದ ಮಾಡುವ ಸಿನಿಮಾ ಅಲ್ಲ, ಕಥೆಯ ಪಕ್ಕದಲ್ಲಿ ಕೂತು ಮಾತಾಡುವ ಸಿನಿಮಾ. ಅದೂ ಬೇಕು ಮಾರಾಯ್ತಿ.

ಓದು_ಮೊದಲು

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ನಿಮ್ಮ ಬರಹ ಇಷ್ಟವಾಯಿತು, ಆದರೆ ಒಂದು ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಪುಸ್ತಕ ಮೊದಲು ಓದಬೇಕು. ಸಿನಿಮಾ ಒಮ್ಮೆ ನೋಡಿದ ಮೇಲೆ ಪುಸ್ತಕ ನಿಮ್ಮದಾಗಿ ಉಳಿಯುವುದಿಲ್ಲ.

ಚೋಮನ ದುಡಿ ತೆಗೆದುಕೊಳ್ಳಿ. ಶಿವರಾಮ ಕಾರಂತರ ಕಾದಂಬರಿ 1933ರದ್ದು. ಬಿ.ವಿ. ಕಾರಂತರ ಸಿನಿಮಾ 1975ರದ್ದು, ಸ್ವರ್ಣಕಮಲ ಬಂತು, ಚೋಮನ ಪಾತ್ರಕ್ಕೆ ವಾಸುದೇವ ರಾಯರಿಗೂ ರಾಷ್ಟ್ರಪ್ರಶಸ್ತಿ ಬಂತು. ಒಳ್ಳೆಯ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ನಾನು ಕಾದಂಬರಿ ಓದಿದ್ದು ಹೈಸ್ಕೂಲಿನಲ್ಲಿ. ಆ ದುಡಿಯ ಸದ್ದು ನನ್ನ ತಲೆಯೊಳಗೆ ಒಂದು ರೀತಿ ಇತ್ತು. ಚೋಮನಿಗೆ ಸಿಟ್ಟು ಬಂದಾಗ ಒಂದು ಬಡಿತ, ದುಃಖ ಆದಾಗ ಇನ್ನೊಂದು. ನಮ್ಮೂರ ಹಬ್ಬದಲ್ಲಿ ಕೇಳಿದ ತಮಟೆಯ ಸದ್ದನ್ನೇ ಅದಕ್ಕೆ ಕೊಟ್ಟುಕೊಂಡಿದ್ದೆ, ಏಕೆಂದರೆ ನಾನು ಬಯಲುಸೀಮೆಯವನು, ದುಡಿಯನ್ನು ಕಂಡವನಲ್ಲ. ಸಿನಿಮಾ ನೋಡಿದ ಮೇಲೆ ಆ ಸದ್ದು ಹೋಯಿತು. ಈಗ ಪುಸ್ತಕ ತೆರೆದರೂ ಕೇಳುವುದು ಬಿ.ವಿ. ಕಾರಂತರು ಕೇಳಿಸಿದ ದುಡಿ, ಕಾಣುವುದು ವಾಸುದೇವ ರಾಯರ ಮುಖ.

ಚೋಮನಿಗೆ ಸ್ವಂತಕ್ಕೆ ಒಂದಿಷ್ಟು ನೆಲ ಉಳಬೇಕು ಅನ್ನುವ ಆಸೆ. ಅದು ಅವನ ಜಾತಿಯವನಿಗೆ ಕೂಡದು. ಅವನ ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಇದ್ದವರು ಮುಟ್ಟಲು ಹಿಂದೆ ಸರಿಯುತ್ತಾರೆ. ಈ ಭಾಗವನ್ನು ತರಗತಿಯಲ್ಲಿ ಓದಿ ಹೇಳುವಾಗ ಪ್ರತಿ ವರ್ಷ ಕೊಠಡಿ ಸುಮ್ಮನಾಗುತ್ತಿತ್ತು. ಒಬ್ಬೊಬ್ಬ ಹುಡುಗನೂ ತನ್ನ ಊರಿನ ಕೆರೆ, ತನ್ನ ಊರಿನ ದಡ ಕಾಣುತ್ತಿದ್ದ. ಸಿನಿಮಾ ತೋರಿಸಿದ ವರ್ಷ ಎಲ್ಲರೂ ಒಂದೇ ಹೊಳೆ ಕಂಡರು. ತನ್ನ ಊರಿನ ಕೆರೆ ಕಂಡ ಹುಡುಗನಿಗೆ ತನ್ನ ಊರಿನವರೂ ಕಾಣುತ್ತಾರೆ, ದಡದಲ್ಲಿ ನಿಂತವರು ಯಾರು ಅಂತ ಗೊತ್ತಾಗುತ್ತದೆ. ಇದು ಸಣ್ಣ ವಿಷಯ ಅಲ್ಲ.

ಆದ್ದರಿಂದ, ಮಗಳೇ, ಸಿನಿಮಾ ಎಷ್ಟು ಬೇಕಾದರೂ ನೋಡಿ. ಪುಸ್ತಕಕ್ಕೆ ಮೊದಲ ಸರದಿ ಕೊಡಿ.

ಸಾಗರದ_ಮಳೆ

ಪಂಚಗಂಗಾವಳಿ ಅಕ್ಕಾ, ಕುದ್ರು ವಿಷಯ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ದೋಣಿ ತಪ್ಪಿದರೆ ಸಿನಿಮಾ ತಪ್ಪಿತು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. "ಒಂದು ತಲೆಮಾರು ಮುಂದೆ" ಅನ್ನುವುದನ್ನು ಪೂರ್ತಿ ಒಪ್ಪಲು ಮಾತ್ರ ಆಗುತ್ತಿಲ್ಲ. ಟಾಕೀಸಿನಲ್ಲಿ ಹೆಂಗಸರು ಒಬ್ಬರಿಗೊಬ್ಬರು ಸಿಕ್ಕರು. ಟಿವಿ ಮುಂದೆ ಬೇರೆ ಬೇರೆ ಆದರು. ಮುಂದಿನ ತಲೆಮಾರು ಅಂದರೆ ಮುಂದೆ ಹೋಗಿರಬೇಕಲ್ವಾ?

ಸರ್, ನೀವು ಹೇಳಿದ ಕೆರೆಯ ಮಾತು ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಆದರೂ ನನಗೆ ಆಗಿದ್ದು ಇದಕ್ಕೆ ಉಲ್ಟಾ, ಅದನ್ನು ಹೇಳಲೇಬೇಕು.

ನಮ್ಮದು ಮುಳುಗಡೆ ಮನೆ. ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜನ ಊರು ಶರಾವತಿ ಹಿನ್ನೀರಿನಲ್ಲಿ ಹೋಯಿತು. ಚಿಕ್ಕಂದಿನಿಂದ ಈ ಕಥೆಯನ್ನು ಅಜ್ಜನ ಬಾಯಲ್ಲಿ ಕೇಳಿದ್ದೇನೆ. ಅಜ್ಜನ ಕಥೆಯಲ್ಲಿ ಇರುವುದು ಆಫೀಸರುಗಳು, ಪರಿಹಾರದ ಕಾಗದ, ಲಾರಿ, ಹೊಸ ಊರಿನಲ್ಲಿ ಕೊಟ್ಟ ಜಮೀನಿನ ಸರ್ವೆ ನಂಬರ್. ಅಜ್ಜಿ ಪಕ್ಕದಲ್ಲೇ ಅಡಿಕೆ ಸುಲಿಯುತ್ತಾ ಕೂತಿರುತ್ತಿದ್ದರು. ಮಾತಾಡುತ್ತಿರಲಿಲ್ಲ.

ದ್ವೀಪ ಸಿನಿಮಾವನ್ನು ನಾನು ಅಜ್ಜಿ ಜೊತೆ ಕೂತು ನೋಡಿದೆ. ಕಾಸರವಳ್ಳಿಯವರದ್ದೇ, ಸೌಂದರ್ಯ ಅವರೇ ನಿರ್ಮಾಪಕಿ, ನಾಗಿ ಪಾತ್ರವೂ ಅವರದ್ದೇ. ಅಣೆಕಟ್ಟಿನ ನೀರು ಏರುತ್ತಿದೆ, ಊರೆಲ್ಲ ಖಾಲಿ, ಗುಡ್ಡದ ಮೇಲೆ ದೇವರ ಕೆಲಸ ಮಾಡಿಕೊಂಡಿದ್ದ ಒಂದು ಮನೆ ಮಾತ್ರ ಉಳಿದಿದೆ. ಗಂಡ ಗಣಪ ಕೈಚೆಲ್ಲುತ್ತಾನೆ. ಆ ಮಳೆಯಲ್ಲಿ ಮನೆ ಉಳಿಸುವವಳು ನಾಗಿ. ಮಳೆ ನಿಂತ ಮೇಲೆ ಗಣಪ ಹೇಳುತ್ತಾನೆ, ದೇವರು ಕಾಪಾಡಿದ ಅಂತ. ನಾಗಿ ಮಾಡಿದ್ದು ಲೆಕ್ಕಕ್ಕೇ ಇಲ್ಲ.

ಅಲ್ಲಿ ಅಜ್ಜಿ ಒಂದು ಮಾತು ಅಂದರು: "ಹೌದು, ಹಿಂಗೇ ಹೇಳ್ತಿದ್ರು." ಆಮೇಲೆ ಎದ್ದು ಹೋಗಿ ಮೆಟ್ಟುಗತ್ತಿ ತಂದು ತೋರಿಸಿದರು. ದಿನಾ ಅಡಿಕೆ ಸುಲಿಯುವ ಮೆಟ್ಟುಗತ್ತಿ, ನಾನು ಹುಟ್ಟಿದಾಗಿನಿಂದ ನೋಡಿದ್ದು. ಮರದ ಮಣೆ ಕಾಲು ಇಡುವ ಕಡೆ ಸವೆದು ಗುಳಿ ಬಿದ್ದಿದೆ. ಹಳೇ ಊರಿನಿಂದ ಬರುವಾಗ ಲಾರಿಯಲ್ಲಿ ಜಾಗ ಇಲ್ಲ ಅಂದರಂತೆ. ಅಜ್ಜಿ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಂದರಂತೆ, ಇನ್ನೊಂದು ತೊಡೆ ಮೇಲೆ ದೊಡ್ಡಪ್ಪ, ಆಗ ಕೂಸು. ಹೊಸ ಊರಿನಲ್ಲಿ ತೋಟ ಇರಲಿಲ್ಲ. ಅಡಿಕೆ ಸಸಿ ನೆಟ್ಟು ಫಲ ಬರುವವರೆಗೆ ಅಜ್ಜಿ ಬೇರೆಯವರ ಮನೆಗೆ ಅಡಿಕೆ ಸುಲಿಯಲು ಹೋಗಿದ್ದಾರೆ, ಇದೇ ಮೆಟ್ಟುಗತ್ತಿ ಹಿಡಿದು. ಅಜ್ಜನ ಕಥೆಯಲ್ಲಿ ಇದು ಒಂದು ದಿನವೂ ಬಂದಿಲ್ಲ.

ಆ ರಾತ್ರಿ ಅಜ್ಜಿ ಬಹಳ ಹೊತ್ತು ಮಾತಾಡಿದರು. ಬಾವಿಯ ರಾಟೆ ಬಿಚ್ಚಿದ್ದು, ತುಳಸಿ ಕಟ್ಟೆಯ ಮಣ್ಣು ತಂದಿದ್ದು, ಬೇಸಿಗೆಯಲ್ಲಿ ನೀರು ಇಳಿದಾಗ ಗಂಡಸರು ಹೋಗಿ ಮನೆಯ ಅಡಿಪಾಯ ನೋಡಿಕೊಂಡು ಬರುತ್ತಿದ್ದದ್ದು, ಇವರನ್ನು ಯಾರೂ ಕರೆದುಕೊಂಡು ಹೋಗದೆ ಇದ್ದದ್ದು.

ಇದೆಲ್ಲ ಆದ ಮೇಲೆ ನಾನು ನಾ. ಡಿಸೋಜ ಅವರ ದ್ವೀಪ ಕಾದಂಬರಿ ಓದಿದೆ. ಅವರು ಸಾಗರದಲ್ಲೇ ಇದ್ದವರು, ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು, ಮುಳುಗಡೆಯನ್ನು ಹತ್ತಿರದಿಂದ ಕಂಡವರು. 2025ರ ಜನವರಿಯಲ್ಲಿ ತೀರಿಕೊಂಡರು. ಪುಸ್ತಕದಲ್ಲಿ ಗಣಪಯ್ಯ, ನಾಗವೇಣಿ. ನೀರು ಇಷ್ಟಿಷ್ಟೇ ಏರುವುದನ್ನು ಓದುವಾಗ ನನಗೆ ಸೌಂದರ್ಯ ಕಾಣಲಿಲ್ಲ ಸರ್. ಲಾರಿಯಲ್ಲಿ ಕೂತ ಅಜ್ಜಿ ಕಂಡರು. ಸಿನಿಮಾ ನನ್ನಿಂದ ಏನೂ ಕಿತ್ತುಕೊಳ್ಳಲಿಲ್ಲ. ಅಜ್ಜಿಯ ಬಾಯಿ ತೆರೆಸಿತು, ಆ ಮಾತು ಕೇಳಿದ ಮೇಲೆ ಪುಸ್ತಕ ನನ್ನದಾಯಿತು. ಪುಸ್ತಕ ಮೊದಲು ಓದಿದ್ದರೆ ನಾನೊಬ್ಬಳೇ ಓದಿ ಮುಚ್ಚಿಡುತ್ತಿದ್ದೆ. ಅಜ್ಜಿಗೆ ಓದಲು ಬರುವುದಿಲ್ಲ.

ಏಳುಸುತ್ತು

ಚಿತ್ರದುರ್ಗದಿಂದ ಬರೆಯುತ್ತಿದ್ದೇನಮ್ಮಾ. ಪುಸ್ತಕ-ಸಿನಿಮಾ ಜಗಳ ಅಂದ ಮೇಲೆ ನಮ್ಮೂರಿನವರು ಬಾಯಿ ಮುಚ್ಚಿಕೊಂಡು ಕೂರಲು ಆಗುತ್ತದಾ!

ನಾಗರಹಾವು, 1972. ಪುಟ್ಟಣ್ಣ ಕಣಗಾಲ್. ತ.ರಾ.ಸು. ಅವರ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ, ಈ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಸಿನಿಮಾ. ವಿಷ್ಣುವರ್ಧನ್ ರಾಮಾಚಾರಿ. ಅಂಬರೀಷ್‌ಗೆ ಮೊದಲ ಸಿನಿಮಾ. ತ.ರಾ.ಸು.ಗೆ ಸಿನಿಮಾ ಇಷ್ಟ ಆಗಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದರು ಅನ್ನುವ ಮಾತು ನಮ್ಮಲ್ಲಿ ಇವತ್ತಿಗೂ ಓಡಾಡುತ್ತದೆ.

ನಾನು ಮೂರೂ ಕಾದಂಬರಿ ಓದಿದವನು. ಬರೆದವರಿಗೆ ನೋವಾಗುವುದು ಸಹಜ ಅಂತ ಒಪ್ಪುತ್ತೇನೆ. ಮೂರು ಪುಸ್ತಕ ಬರೆಯಲು ಬೇಕಾದ ಕಾರಣಗಳು ಮೂರು ಗಂಟೆಯಲ್ಲಿ ಎಲ್ಲಿ ಹಿಡಿಯುತ್ತವೆ? ರಾಮಾಚಾರಿಯ ಸಿಟ್ಟು ಪುಸ್ತಕದಲ್ಲಿ ನಿಧಾನವಾಗಿ ಕುದಿಯುತ್ತದೆ. ತೆರೆ ಮೇಲೆ ಅದು ಸೀದಾ ಎದ್ದು ಹೆಡೆ ಬಿಚ್ಚುತ್ತದೆ. ಆದರೆ ಚಾಮಯ್ಯ ಮೇಷ್ಟ್ರು? ಕೆ.ಎಸ್. ಅಶ್ವತ್ಥ್ ಅವರು ಪಂಚೆ, ಕೋಟು ಹಾಕಿಕೊಂಡು ನಿಂತ ಮೇಲೆ ನಮ್ಮೂರಿನ ಎಲ್ಲ ಮೇಷ್ಟ್ರುಗಳೂ ನಮಗೆ ಚಾಮಯ್ಯ ಆದರು. ತಾನು ಪ್ರೀತಿಸಿದ ಶಿಷ್ಯನಿಗೆ ಎರಡೆರಡು ಸಲ ಹುಡುಗಿಯನ್ನು ಬಿಡು ಅಂತ ಹೇಳುವ ಮೇಷ್ಟ್ರು. ಮೊದಲ ಸಲ ಅವನು ಕೇಳಿದ, ಅಲಮೇಲು ಬದುಕು ಹಾಳಾಯಿತು. ಎರಡನೇ ಸಲ ಕೇಳಲಿಲ್ಲ, ಮೇಷ್ಟ್ರೇ ಬೆಟ್ಟದಿಂದ ಬಿದ್ದರು. ಚಿಕ್ಕವನಿದ್ದಾಗ ಮೇಷ್ಟ್ರು ಸತ್ತರು ಅಂತ ಅತ್ತೆ. ಈಗ ನನಗೂ ಮಕ್ಕಳಿದ್ದಾರೆ, ಈಗ ಅದೇ ದೃಶ್ಯ ನೋಡಿದರೆ ಮೇಷ್ಟ್ರ ಮೇಲೆ ಸಿಟ್ಟು ಬರುತ್ತದೆ. ಒಳ್ಳೆಯವರು ಒಳ್ಳೆಯ ಮನಸ್ಸಿನಿಂದಲೇ ಒಂದು ಹುಡುಗಿಯ ಬದುಕನ್ನು ಹಾಳು ಮಾಡಿದರಲ್ಲ ಅಂತ. ಅಲಮೇಲುವಿಗೆ ಯಾರೂ ಏನೂ ಕೇಳಲೇ ಇಲ್ಲ.

ಮಗಳನ್ನು ಕೋಟೆಗೆ ಕರೆದುಕೊಂಡು ಹೋದಾಗ ಅವಳು ಓಬವ್ವನ ಕಿಂಡಿ ಎಲ್ಲಿ ಅಂತ ಕೇಳಿದಳು. ಅವಳಿಗೆ ಓಬವ್ವ ಗೊತ್ತಾಗಿದ್ದು ಈ ಸಿನಿಮಾದ ಹಾಡಿನಿಂದ, ಜಯಂತಿ ಒನಕೆ ಹಿಡಿದು ನಿಂತದ್ದರಿಂದ. ಅಲ್ಲಿಂದ ದುರ್ಗದ ಪಾಳೆಯಗಾರರ ಚರಿತ್ರೆ ಓದಲು ಶುರು ಮಾಡಿ, ತ.ರಾ.ಸು. ಅವರ ದುರ್ಗಾಸ್ತಮಾನದವರೆಗೂ ಹೋದಳು. ಆದ್ದರಿಂದ ಓದು_ಮೊದಲು ಮೇಷ್ಟ್ರಿಗೆ ನನ್ನ ಉತ್ತರ: ಸಿನಿಮಾ ಮೊದಲು ಬಂದರೂ ಪುಸ್ತಕದ ಬಾಗಿಲು ಮುಚ್ಚುವುದಿಲ್ಲ ಸರ್.

ಮೂಡಿಗೆರೆ_ಹುಡುಗ

ಎಲ್ಲರೂ ಹಳೇದನ್ನೇ ಹೇಳುತ್ತಿದ್ದೀರಿ, ನಾನು ಹೊಸದು ಹೇಳುತ್ತೇನೆ. ಡೇರ್‌ಡೆವಿಲ್ ಮುಸ್ತಾಫಾ, 2023. ತೇಜಸ್ವಿಯವರ ಸಣ್ಣ ಕಥೆ. ಶಶಾಂಕ್ ಸೋಗಾಲ್ ಅವರ ಮೊದಲ ಸಿನಿಮಾ. ತೇಜಸ್ವಿ ಓದುಗರೇ ದುಡ್ಡು ಸೇರಿಸಿ ಮಾಡಿದ್ದು, ಆಮೇಲೆ ನಟ ಧನಂಜಯ ಅರ್ಪಿಸಿದರು.

ನೀವು ಕೇಳಿದ ವಾದ ಇಲ್ಲಿ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಇಲ್ಲಿ ಇರುವುದು ಹಿಗ್ಗಿಸುವುದು. ಒಂದೇ ಕೂರುವಿಕೆಯಲ್ಲಿ ಓದಿ ಮುಗಿಸುವ ಕಥೆ ಎರಡು ಗಂಟೆಗೂ ಜಾಸ್ತಿ ಸಿನಿಮಾ ಆಗಿದೆ. ಹಿಂದೂ ಹುಡುಗರೇ ಇರುವ ತರಗತಿಗೆ ಒಬ್ಬ ಮುಸ್ಲಿಂ ಹುಡುಗ ಬರುತ್ತಾನೆ. ಅವನ ಉದ್ದದ ಹೆಸರು ಕೇಳಿಯೇ ಎಲ್ಲರಿಗೂ ಗಾಬರಿ. ಅವನ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ, ಗೊತ್ತಿಲ್ಲದೆ ಇರುವುದೇ ಎಲ್ಲದಕ್ಕೂ ಮೂಲ. ಸಿನಿಮಾದಲ್ಲಿ ಇದಕ್ಕೆ ಒಂದು ದೊಡ್ಡ ಕ್ರಿಕೆಟ್ ಮ್ಯಾಚ್ ಇದೆ. ಟಾಕೀಸಿನಲ್ಲಿ ನಮ್ಮ ಗುಂಪಿನಲ್ಲಿ ಎರಡೂ ಕಡೆಯ ಹುಡುಗರು ಇದ್ದೆವು. ಆ ತರಗತಿಯ ರಾಮಾನುಜ ಅಯ್ಯಂಗಾರಿ ಬಿರಿಯಾನಿ ವಾಸನೆಗೆ ಮುಖ ಸಿಂಡರಿಸಿದರೂ ನಕ್ಕೆವು, ಮುಸ್ತಾಫಾನಿಗೂ ನಕ್ಕೆವು, ಒಟ್ಟಿಗೇ ನಕ್ಕೆವು. ಹೊರಗೆ ಬಂದು ಟೀ ಕುಡಿಯುವಾಗ ನನ್ನ ಗೆಳೆಯ ಒಬ್ಬ, "ಕಾಲೇಜು ಸೇರಿದ ದಿನ ನನ್ನ ಹೆಸರು ಕರೆದಾಗ ನೀವೆಲ್ಲ ತಿರುಗಿ ನೋಡಿದ್ರಿ" ಅಂದ. ನಮಗೆ ಯಾರಿಗೂ ಅದು ನೆನಪಿರಲಿಲ್ಲ. ಅವನಿಗೆ ಇತ್ತು.

ಗುಲಾಬಿಯನ್ನು ದೋಣಿ ಹತ್ತಿಸುವ ಸಿನಿಮಾ ಆದ ಮೇಲೆ ಇದನ್ನು ನೋಡಿ. ನಗಬೇಕು ಅನ್ನಿಸುವ ದಿನ ನೋಡಿ.

ಓದು_ಮೊದಲು

ಮಗಳೇ, ನಿಮ್ಮ ಅಜ್ಜಿಯ ವಿಷಯ ಓದಿದೆ. ಓದಲು ಬಾರದವರ ಜೊತೆ ಪುಸ್ತಕವನ್ನು ಹಂಚಿಕೊಳ್ಳಲು ಸಿನಿಮಾ ಬೇಕು ಅನ್ನುವುದನ್ನು ಒಪ್ಪುತ್ತೇನೆ. ನಮ್ಮ ತಾಯಿಯೂ ಅಕ್ಷರ ಕಲಿತವರಲ್ಲ. ಓದಬಲ್ಲವರು ಮೊದಲು ಓದಲಿ ಅನ್ನುವ ನನ್ನ ಮಾತು ಹಾಗೇ ಇದೆ.

ಅದಕ್ಕೇ ನಿಮಗೆ ಒಂದು ಕೆಲಸ. ಎಂ.ಕೆ. ಇಂದಿರಾ ಅವರ ಫಣಿಯಮ್ಮ. ನಿಮ್ಮ ಮಲೆನಾಡಿನ ಕಡೆಯದೇ. ನಿಜವಾಗಿ ಬದುಕಿದ್ದ ಒಬ್ಬ ಬಾಲವಿಧವೆಯ ಬದುಕು. ಇಂದಿರಾ ಅವರ ಮನೆತನದ ಹಿರಿಯರೇ ಆಕೆ. ಫಣಿಯಮ್ಮ ಹೇಳಿದ್ದನ್ನು ತಾಯಿ ಕೇಳಿ, ತಾಯಿ ಹೇಳಿದ್ದನ್ನು ಮಗಳು ಕೇಳಿ ಬರೆದ ಪುಸ್ತಕ. ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದರು, ಎಲ್.ವಿ. ಶಾರದಾ ನಟಿಸಿದ್ದಾರೆ. ಈ ಒಂದು ಸಲ ಪುಸ್ತಕ ಮೊದಲು ಓದಿ. ಅಜ್ಜಿಗೆ ಜೋರಾಗಿ ಓದಿ ಹೇಳಿ, ದಿನಕ್ಕೆ ಸ್ವಲ್ಪ ಸ್ವಲ್ಪ. ಆಮೇಲೆ ಇಬ್ಬರೂ ಕೂತು ಸಿನಿಮಾ ನೋಡಿ.

ಸಾಗರದ_ಮಳೆ

ಸರ್, ಆಯ್ತು. ಲೈಬ್ರರಿಯಲ್ಲಿ ಫಣಿಯಮ್ಮ ಇದೆ, ಕಂಡಿದ್ದೇನೆ. ಹಬ್ಬದ ರಜೆಗೆ ಊರಿಗೆ ಹೋಗುವಾಗ ತೆಗೆದುಕೊಂಡು ಹೋಗುತ್ತೇನೆ, ಅಜ್ಜಿಗೆ ಓದುತ್ತೇನೆ. ಅಜ್ಜಿ ಮಧ್ಯೆ ಮಧ್ಯೆ ತಡೆದು ಮಾತಾಡುತ್ತಾರೆ, ಅದನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಏಳುಸುತ್ತು ಅಂಕಲ್, ಅಲಮೇಲುವನ್ನು ಯಾರೂ ಕೇಳಲಿಲ್ಲ ಅಂದಿರಲ್ಲ, ಅದನ್ನು ಓದಿದ ಮೇಲೆ ನಾಗರಹಾವನ್ನು ಅವಳ ಕಡೆಯಿಂದ ಮತ್ತೆ ನೋಡಬೇಕು ಅನ್ನಿಸಿದೆ. ಮೂರು ಕಾದಂಬರಿಗಳಲ್ಲಿ ಅವಳ ಮಾತು ಜಾಸ್ತಿ ಇರುವುದು ಯಾವುದರಲ್ಲಿ ಅಂತ ಹೇಳಿದರೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂಡಿಗೆರೆಯವರೇ, ಮುಸ್ತಾಫಾ ನೋಡಿದ್ದೇನೆ, ಕಥೆ ಓದಿಲ್ಲ. ಬಾನು ಮುಷ್ತಾಕ್ ಅವರ ಕರಿನಾಗರಗಳು ಯಾರಾದರೂ ಓದಿದ್ದೀರಾ? ಅದರಿಂದ ಬಂದ ಹಸೀನಾ ಸಿನಿಮಾದಲ್ಲಿ ತಾರಾ ಮಾಡಿದ್ದಾರೆ, ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿದೆ. 2025ರಲ್ಲಿ ಬಾನು ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗಿನಿಂದ ನಮ್ಮ ಲೈಬ್ರರಿಯಲ್ಲಿ ಅವರ ಪುಸ್ತಕ ಕೈಗೆ ಸಿಗುತ್ತಿಲ್ಲ, ಯಾವಾಗ ಕೇಳಿದರೂ ಹೊರಗೆ ಹೋಗಿದೆ ಅನ್ನುತ್ತಾರೆ. ಸಿಗದೆ ಇದ್ದರೂ ಖುಷಿ. ಶಿವಮೊಗ್ಗದಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬಂದು ತೆಗೆದುಕೊಂಡು ಹೋಗಿ, ಓದಿ ವಾಪಸು ಕೊಡುತ್ತೇನೆ.